ಭಾವನವರ ಬೆಚ್ಚನೆಯ ಸರ್ದಾಬು

ಕುವೈತಿನಲ್ಲಿ ಚಳಿಗೆ ಹೆದರಿಕೊಂಡು ಬದುಕುವ ಮನುಷ್ಯರೊಬ್ಬರಿದ್ದಾರೆ ಎಂದರೆ ನೀವು ನಂಬುತ್ತೀರಾ? ನಂಬದಿದ್ದರೂ ಅಡ್ಡಿಯಿಲ್ಲ, ನಿಮಗೆ ಆ ಸ್ವಾತಂತ್ರ್ಯ ಉಂಟು. ನನಗಿಲ್ಲ. ಏಕೆಂದರೆ ಅವರು ನನ್ನ ಗಂಡನ ಒಡಹುಟ್ಟಿದ ಅಣ್ಣ, ನನ್ನ ಭಾವ!

ಊರಿನವರು ಫೋನು ಮಾಡಿದಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ. "ಅಯ್ಯೋ, ಆ ಬಿಸಿಲಿನಲ್ಲಿ ಹೇಗೆ ಇದ್ದೀರಿ?" ಅದಕ್ಕೆ ನಮ್ಮ ಭಾವನವರು ಕೊಡುವ ಉತ್ತರವೂ ಒಂದೇ. "ಬಿಸಿಲು ಎಂತ ಮಾಡ್ತದೆ ಮಾರಾಯ, ಎ.ಸಿ. ಹಾಕಿದರೆ ಮುಗೀತು. ಚಳಿಗೆ ಎಂತ ಮಾಡುವುದು, ಅದು ಹೇಳು ನೀನು!" ಈ ಮಾತನ್ನು ಅವರು ಆಡುವುದು ಆಗಸ್ಟ್ ತಿಂಗಳಿನಲ್ಲಿ, ಕಾರಿನ ಬಾಗಿಲು ಮುಟ್ಟಿದರೆ ಬೆರಳು ಚುರ್ರೆನ್ನುವ, ನಲ್ಲಿಯಲ್ಲಿ ತಣ್ಣೀರು ಬಿಟ್ಟರೆ ಚಹಾಕ್ಕಾಗುವಷ್ಟು ಬಿಸಿನೀರು ಬರುವ ಆಗಸ್ಟ್‌ನಲ್ಲಿ!

ಸತ್ಯ ಹೇಳಬೇಕಲ್ಲ, ಇಲ್ಲಿ ಚಳಿ ಇರುವುದು ಹೌದು. ಇಲ್ಲಿನ ಮನೆಗಳನ್ನು ಕಟ್ಟಿರುವುದೇ ಬೇಸಿಗೆಯ ಜೊತೆ ಹೋರಾಡುವುದಕ್ಕೆ. ಜನವರಿಯಲ್ಲಿ ಮರುಭೂಮಿಯ ಕಡೆಯಿಂದ ಗಾಳಿ ಬೀಸಲು ಶುರುವಾದರೆ ಕಿಟಕಿಯ ಸಂದುಗಳೆಲ್ಲ ಸಿಳ್ಳೆ ಹೊಡೆಯುತ್ತವೆ, ನೆಲದ ಟೈಲ್ಸ್ ಮೇಲೆ ಬರಿಗಾಲಿಟ್ಟರೆ ಅಂಗಾಲಿನಿಂದ ನೆತ್ತಿಯವರೆಗೆ ಜುಮ್ಮೆನ್ನುತ್ತದೆ. ನಾವು ಕಡಲತೀರದ ಬೆವರಿನಲ್ಲಿ ಬೆಳೆದವರು, ಸ್ವಲ್ಪ ನಡುಗುತ್ತೇವೆ, ಒಂದು ಸ್ವೆಟರ್ ಹಾಕುತ್ತೇವೆ, ಮರೆಯುತ್ತೇವೆ. ಭಾವನವರು ಮರೆಯುವ ಜಾತಿಯವರಲ್ಲ. ನವೆಂಬರ್ ಕಾಲಿಟ್ಟಿತೆಂದರೆ ಮಂಕಿ ಕ್ಯಾಪು ತಲೆಗೇರಿತು. ಅವರು ಕೆಲಸ ಮಾಡುವುದು ಮಿರ್ಕಾಬ್‌ನಲ್ಲಿ, ಬಾತ್‌ರೂಮಿನ ಟೈಲ್ಸ್, ನಲ್ಲಿ, ಬೇಸಿನ್ನು ಮಾರುವ ಒಂದು ಶೋರೂಮಿನಲ್ಲಿ. ಅಲ್ಲಿಗೂ ಕಿವಿ ಮುಚ್ಚುವ ಮಂಕಿ ಕ್ಯಾಪಿನಲ್ಲೇ ಹೋಗುತ್ತಾರೆ. ಒಮ್ಮೆ ಒಬ್ಬ ಅರಬ್ಬಿ ಗಿರಾಕಿ ಇವರ ಮುಖವನ್ನು ಕನಿಕರದಿಂದ ನೋಡಿ, ಹೊರಗೆ ಹೋಗಿ, ಪಕ್ಕದ ಅಂಗಡಿಯಿಂದ ಲವಂಗದ ಪೊಟ್ಟಣ ತಂದು ಕೈಗಿಟ್ಟರಂತೆ. ಪಾಪ, ಹಲ್ಲುನೋವು ಎಂದುಕೊಂಡಿದ್ದರು!

ನಾವಿರುವುದು ಮೈದಾನ್ ಹವಲ್ಲಿಯ ಒಂದು ಹಳೆಯ ಕಟ್ಟಡದಲ್ಲಿ. ಆಗ ಭಾವನವರು ಮತ್ತು ಅವರ ಹೆಂಡತಿ ನೆಲಮಹಡಿಯಲ್ಲಿ, ನಾನು, ನನ್ನ ಗಂಡ, ಹೈಸ್ಕೂಲು ಓದುವ ಮಗಳು ಮೂರನೇ ಮಹಡಿಯಲ್ಲಿ. ಭಾವನ ಹೆಂಡತಿ ನನಗೆ ಓರಗಿತ್ತಿ. ಆದರೆ ನಾನು ಅವರನ್ನು ಕರೆಯುವುದು ಅಕ್ಕ ಎಂದೇ. ಮನೆಯಲ್ಲಿ ನಾವೆಲ್ಲ ಆಡುವುದು ತುಳು. ಇಲ್ಲಿ ಬರೆಯುವಾಗ ಕನ್ನಡಕ್ಕೆ ತಂದಿದ್ದೇನೆ. ಅಕ್ಕನ ಮಾತುಗಳು ಮೂಲದಲ್ಲಿ ಇನ್ನೂ ಖಾರವಾಗಿದ್ದವು ಎಂದು ತಿಳಿದುಕೊಂಡು ಓದಿ.

ಆ ಕಟ್ಟಡದ ಕೆಳಗೆ ಒಂದು ನೆಲಮಾಳಿಗೆ ಉಂಟು. ಅರಬ್ಬಿಯಲ್ಲಿ ಸರ್ದಾಬ್ ಎನ್ನುತ್ತಾರೆ. ಒಳಗಿನಿಂದ ಇಳಿಯಲು ಮೆಟ್ಟಿಲು, ಹಿಂಬದಿಯಿಂದ ಸಾಮಾನು ಸಾಗಿಸಲು ಇಳಿಜಾರು. ವರ್ಷಗಟ್ಟಲೆ ಬೀಗ ಹಾಕಿಯೇ ಇತ್ತು. ಒಂದು ದಿನ ಫ್ಯೂಸ್ ನೋಡಲು ಕಟ್ಟಡ ಕಾಯುವ ಹಾರಿಸ್ ಅದರ ಬಾಗಿಲು ತೆರೆದಾಗ ಭಾವನವರು ಹಿಂದಿನಿಂದ ಇಣುಕಿದರು. ಅಷ್ಟೇ! ಹಾರಿಸ್ ಈಜಿಪ್ಟಿನವನು, ದೇವರಂಥ ಮನುಷ್ಯ. ಆ ಬಾಗಿಲನ್ನು ಯಾಕಾದರೂ ತೆರೆದೆನೋ ಎಂದು ಆಮೇಲೆ ಬಹಳ ಸಲ ತಲೆ ಚಚ್ಚಿಕೊಂಡಿದ್ದಾನೆ.

ಭಾವನವರು ಮೇಲೆ ಓಡಿ ಬಂದು ನಮ್ಮನ್ನೆಲ್ಲ ಕೂರಿಸಿ ಭಾಷಣ ಮಾಡಿದರು. "ನೋಡಿ, ಅದಕ್ಕೆ ಕಿಟಕಿ ಕಡಿಮೆ. ಗಾಳಿ ಹೊಡೆಯುವುದಿಲ್ಲ. ಸುತ್ತ ಮಣ್ಣು. ಸ್ವಲ್ಪ ರಿಪೇರಿ ಮಾಡಿ ಒಂದು ಹೀಟರ್ ಇಟ್ಟರೆ ಇಡೀ ಕುವೈತಿನಲ್ಲಿ ಅಷ್ಟು ಬೆಚ್ಚನೆಯ ಜಾಗ ಇರ್ಲಿಕ್ಕಿಲ್ಲ!"

"ಅಲ್ಲಿ ಎಂತ ಮಾಡ್ತೀರಿ?" ಅಕ್ಕ ಕೇಳಿದರು.

"ಕೂತ್ಕೊಳ್ಳುವುದು."

"ಕೂತ್ಕೊಂಡು?"

"ಬೆಚ್ಚಗೆ ಕೂತ್ಕೊಳ್ಳುವುದು!"

ಇಷ್ಟೊಂದು ಖಚಿತವಾದ ಯೋಜನೆಯ ಎದುರು ಯಾರು ಏನು ಹೇಳಲು ಸಾಧ್ಯ?

ಕಟ್ಟಡದ ಮಾಲೀಕರು ವಯಸ್ಸಾದ ಕುವೈತಿ. ಜಪಮಣಿ ಎಣಿಸುತ್ತ ತಿಂಗಳಿಗೊಮ್ಮೆ ಬಂದು, ಎಲ್ಲರ ಯೋಗಕ್ಷೇಮ ಕೇಳಿ ಹೋಗುವವರು. ಭಾವನವರು ಅವರನ್ನು ಹಿಡಿದುಕೊಂಡು ತಮ್ಮ ಅರಬ್ಬಿ, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಸಿ ಬಡಿಸಿದರು. ಮಾಲೀಕರು ಮೊದಲು ನಕ್ಕರು, ಆಮೇಲೆ ಕೈ ಗಡಿಯಾರ ನೋಡಿಕೊಂಡರು, ಕೊನೆಗೆ ಕಾರಿನ ಕಡೆ ಹೆಜ್ಜೆ ಹಾಕಿದರು. ಭಾವನವರು ಕಾರಿನ ಕಿಟಕಿಯವರೆಗೂ ಹೋದರು. ಪಾಪ, ಆ ಹಿರಿಯರಿಗೆ ನಮಾಜಿಗೆ ಹೊತ್ತಾಗುತ್ತಿತ್ತು. "ಖಲಾಸ್, ಖಲಾಸ್! ತಗೋ. ಅಲ್ಲಿ ಯಾರೂ ಮಲಗಬಾರದು, ಬೆಂಕಿ ಹಚ್ಚಬಾರದು, ಎರಡೂ ಬಾಗಿಲಿಗೆ ಬೀಗ ಹಾಕಬಾರದು. ಕಟ್ಟಡದವರಿಗೆಲ್ಲ ಉಪಯೋಗ ಆಗಬೇಕು," ಎಂದು ಹೇಳಿ ಗಾಜು ಏರಿಸಿಬಿಟ್ಟರು. ಹೋಗುವ ಮುನ್ನ ಹಾರಿಸ್‌ನ ಕಡೆ ನೋಡಿ, "ಮಜ್ನೂನ್?" ಎಂದು ಕೇಳಿದ್ದು ನಮಗೂ ಕೇಳಿಸಿತು. ತಲೆ ಕೆಟ್ಟಿದೆಯಾ ಎಂದು ಅರ್ಥ. ಹಾರಿಸ್ ಕಟ್ಟಡದ ಗೌರವ ಕಾಪಾಡಲು ಆಕಾಶ ನೋಡಿದ.

ಹಾಗೆ ಶುರುವಾಯಿತು ನಮ್ಮ ಭಾವನವರ ಪಾತಾಳ ಪ್ರವೇಶ.

ಒಳಗೆ ಏನಿತ್ತು ಎನ್ನುತ್ತೀರಿ? ಏನಿರಲಿಲ್ಲ ಎಂದು ಕೇಳಿ! ಬಿಟ್ಟುಹೋದ ಬಾಡಿಗೆದಾರರೆಲ್ಲ ತಮ್ಮ ನೆನಪಿಗೆ ಒಂದೊಂದು ಸಾಮಾನು ಬಿಟ್ಟುಹೋಗಿದ್ದರು. ತುಕ್ಕು ಹಿಡಿದ ಡಿಶ್ ಆಂಟೆನಾಗಳು, ಚಕ್ರವಿಲ್ಲದ ವ್ಯಾಯಾಮದ ಸೈಕಲ್ಲು, ಸ್ಪ್ರಿಂಗ್ ಹೊರಬಂದ ಸೋಫಾ, ಯಾವುದೋ ಬಟ್ಟೆ ಅಂಗಡಿ ಮುಚ್ಚಿದಾಗ ತಂದಿಟ್ಟ ಪ್ಲಾಸ್ಟಿಕ್ ಗೊಂಬೆಗಳು. ಅದೂ ತಲೆಯಿಲ್ಲದ ಗೊಂಬೆಗಳು! ಭಾವನವರು ಎಲ್ಲವನ್ನೂ ಎಸೆಯಲು ಕೆಳಗೆ ಇಳಿಯುತ್ತಿದ್ದರು, ಪ್ರತಿಯೊಂದನ್ನೂ ಕೈಗೆತ್ತಿಕೊಂಡು "ಇದು ಒಳ್ಳೇದುಂಟಲ್ಲ ಮಾರಾಯ್ತಿ" ಎಂದು ಇನ್ನೊಂದು ಮೂಲೆಗೆ ಇಡುತ್ತಿದ್ದರು. ಸಾಮಾನು ಹೊರಗೆ ಹೋಗಲಿಲ್ಲ, ಒಳಗೇ ಪ್ರದಕ್ಷಿಣೆ ಹಾಕಿತು. ಒಂದು ಗೊಂಬೆಗಂತೂ ತಮ್ಮ ಹಳೆಯ ಕೋಟು ತೊಡಿಸಿ, ಬಾಗಿಲ ಪಕ್ಕ ಕೋಟ್ ಸ್ಟ್ಯಾಂಡ್ ಎಂದು ನಿಲ್ಲಿಸಿದರು. ಸಂಜೆ ಲೈಟು ಆರಿಸಲು ಹೋದ ಹಾರಿಸ್ ಅದನ್ನು ನೋಡಿ ಮೆಟ್ಟಿಲುಗಳನ್ನು ಮುಟ್ಟದೆಯೇ ಮೇಲೆ ಬಂದ ಎಂದು ಎರಡನೇ ಮಹಡಿಯ ಕೇರಳದವರು ಇವತ್ತಿಗೂ ಸಾಕ್ಷಿ ಹೇಳುತ್ತಾರೆ. ಮರುದಿನ ಅಕ್ಕ ಕೆಳಗಿಳಿದರು. ಮಧ್ಯಾಹ್ನದ ಹೊತ್ತಿಗೆ ಸರ್ದಾಬು ಖಾಲಿ! ಭಾವನವರು ಕಸದ ಲಾರಿಯ ಹಿಂದೆ ಸ್ವಲ್ಪ ದೂರ ಹೋಗಿ, ಮಗಳನ್ನು ಗಂಡನ ಮನೆಗೆ ಕಳಿಸಿದವರ ಹಾಗೆ ಕೈ ಬೀಸಿ ಬಂದರು.

ಮುಂದಿನದು ಗೋಡೆ. ಗೋಡೆಯಲ್ಲಿ ತೇವವಿತ್ತು, ತೇವದಲ್ಲಿ ಉಪ್ಪಿತ್ತು. ಬಣ್ಣ ಹೊಡೆದ ಕೆಲವೇ ದಿನಕ್ಕೆ ಬಿಳಿ ಬಿಳಿ ಹತ್ತಿಯಂಥ ಉಪ್ಪು ಹೊರಗೆ ಉಕ್ಕಿ, ಬಣ್ಣ ಹಪ್ಪಳದಂತೆ ಎದ್ದು ಬರುತ್ತಿತ್ತು. ಭಾವನವರು ಕೆರೆದು ಮತ್ತೆ ಬಣ್ಣ ಹೊಡೆಯುತ್ತಿದ್ದರು. ಗೋಡೆ ಮತ್ತೆ ಹಪ್ಪಳ ಕಾಯಿಸುತ್ತಿತ್ತು. ತಿಳಿ ಹಳದಿ ಹೋಯಿತು, ತಿಳಿ ಹಸಿರು ಹೋಯಿತು, "ಗೋಡೆಗೆ ಈ ಬಣ್ಣ ಇಷ್ಟವಿಲ್ಲ ಕಾಣ್ತದೆ" ಎಂದು ತಿಳಿ ನೀಲಿ ಹೊಡೆದದ್ದೂ ಹೋಯಿತು! ಕಡೆಗೆ ಕನ್ನಡ ಸಂಘದ ಪರಿಚಯದ ಒಬ್ಬ ಸಿವಿಲ್ ಇಂಜಿನಿಯರನ್ನು ಊಟಕ್ಕೆ ಕರೆದು, ಕೋರಿರೊಟ್ಟಿ ತಿನ್ನಿಸಿ, ಕೈ ತೊಳೆಯುವ ಮೊದಲೇ ಕೆಳಗೆ ಕರೆದುಕೊಂಡು ಹೋದರು. ಅವರು ಮೈಸೂರಿನ ಕಡೆಯವರು, ಮೆಲುಮಾತಿನವರು.

"ಸರ್, ಇದು ಪೇಂಟ್ ಪ್ರಾಬ್ಲಮ್ ಅಲ್ಲ ಸರ್. ಹೊರಗಡೆಯಿಂದ ನೀರು ಬರ್ತಾ ಇದೆ. ಈ ಗೋಡೆ ಆಚೆ ಏನಿದೆ ಸರ್?"

ಎಲ್ಲರೂ ಹೊರಗೆ ಹೋಗಿ ನೋಡಿದೆವು. ಗೋಡೆಯ ಆಚೆ, ಸರಿಯಾಗಿ ಅದೇ ಜಾಗದಲ್ಲಿ, ಕರಿಬೇವಿನ ಗಿಡಗಳು ಸೊಂಪಾಗಿ ನಿಂತಿದ್ದವು. ಮೈದಾನ್ ಹವಲ್ಲಿಯ ಅರ್ಧ ಭಾರತೀಯರ ಒಗ್ಗರಣೆಗೆ ಪರಿಮಳ ಕೊಡುವ ಗಿಡಗಳು. ನೆಟ್ಟವರು ಯಾರು? ನಮ್ಮ ಭಾವನವರು! ದಿನಾ ಬೆಳಗ್ಗೆ ಪೈಪು ಹಿಡಿದು, ಹಳೆಯ ಹಿಂದಿ ಹಾಡು ಗುನುಗುತ್ತ, ಗಿಡದ ಹೊಟ್ಟೆ ತುಂಬಿ ಹರಿಯುವಷ್ಟು ನೀರು ಬಿಡುತ್ತಿದ್ದವರು ಯಾರು? ಅವರೇ! ಬೆಳಗ್ಗೆ ಹೊರಗಿನಿಂದ ಗೋಡೆಗೆ ನೀರು ಕುಡಿಸುವುದು, ಸಂಜೆ ಒಳಗಿನಿಂದ ಅದನ್ನು ಒಣಗಿಸಲು ಒದ್ದಾಡುವುದು!

ಇಂಜಿನಿಯರು ಸಂಭಾವಿತರು, ನಗು ತಡೆದುಕೊಂಡರು. ಅಕ್ಕನಿಗೆ ಅಂಥ ಅಭ್ಯಾಸವಿಲ್ಲ. "ನಿಮ್ಮನ್ನೇ ಒಂದು ಸಲ ವಾಟರ್‌ಪ್ರೂಫ್ ಮಾಡಿಸಿದರೆ ಕಟ್ಟಡಕ್ಕೆ ಬೇರೆ ಎಂತದೂ ಬೇಡ," ಎಂದರು.

ಗಿಡಗಳು ಡ್ರಮ್ಮುಗಳಿಗೆ ಸ್ಥಳಾಂತರಗೊಂಡವು. ಇಂಜಿನಿಯರು ಹೇಳಿದ ಹಾಗೆ ಹಳೆಯ ಗಾರೆ ಕಿತ್ತು, ಬೇಸಿಗೆಯ ಸೆಕೆಯಲ್ಲಿ ಗೋಡೆಯನ್ನು ಚೆನ್ನಾಗಿ ಒಣಗಲು ಬಿಟ್ಟು, ನೀರು ತಡೆಯುವ ಲೇಪ ಹಾಕಿಸಿ, ಹೊಸ ಗಾರೆ ಮಾಡಿಸಿ, ಗಾಳಿ ಎಳೆಯುವ ಫ್ಯಾನು ಕೂರಿಸಿದ ಮೇಲೆ ಗೋಡೆ ಶಾಂತವಾಯಿತು. ಭಾವನವರು ಅದಕ್ಕೆ ಕೆನ್ನೆ ತಾಗಿಸಿ ನೋಡಿ ಖುಷಿಪಟ್ಟರು.

ಆಮೇಲೆ ನೆಲ. ಟೈಲ್ಸ್ ಮಾರುವವರ ಕೈಗೆ ನೆಲ ಸಿಕ್ಕಿದರೆ ಏನಾಗಬಹುದು, ಊಹಿಸಿ! ಶೋರೂಮಿನಲ್ಲಿ ಡಿಸೈನು ಹಳೆಯದಾಗಿ ಉಳಿದ ಟೈಲ್ಸ್‌ಗಳನ್ನೆಲ್ಲ ಯಜಮಾನರ ಒಪ್ಪಿಗೆ ಪಡೆದು ತಂದು ಹೊಂದಿಸಿದರು. ಎಲ್ಲವೂ ಕನ್ನಡಿಯಂತೆ ಫಳಫಳ ಹೊಳೆಯುವವೇ. ಒಂದರಲ್ಲಿ ಡಾಲ್ಫಿನ್, ಇನ್ನೊಂದರಲ್ಲಿ ಕಮಲ, ಮತ್ತೊಂದರಲ್ಲಿ ಯಾವುದೋ ಇಟಲಿಯ ದ್ರಾಕ್ಷಿ ಗೊಂಚಲು. ನನ್ನ ಮಗಳು ಇಳಿದು ಬಂದು, ಸುತ್ತಲೂ ನೋಡಿ, "ದೊಡ್ಡಪ್ಪಾ, ದಿಸ್ ಈಸ್ ಲಿಟರಲಿ ಎ ಬಾತ್‌ರೂಮ್!" ಎಂದಳು. ಈ ಮಕ್ಕಳಿಗೆ ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ದೊಡ್ಡಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. "ಇರ್ಲಿ ಮಗಾ, ಕ್ಲೀನ್ ಮಾಡ್ಲಿಕ್ಕೆ ಸುಲಭ," ಎಂದರು. ಆ ನೆಲದ ಮೇಲೆ ಅವರಿಗೆ ಎಂಥ ಮೋಹ! ಚಪ್ಪಲಿ ಹಾಕಿ ಇಳಿಯುವ ಹಾಗಿಲ್ಲ, ಕಾಫಿ ಲೋಟ ತರುವ ಹಾಗಿಲ್ಲ. ಶುಕ್ರವಾರ ರಜೆಯ ದಿನ ಮೊಣಕಾಲೂರಿ, ಒಂದೊಂದೇ ಡಾಲ್ಫಿನ್ನಿಗೆ ಸ್ನಾನ ಮಾಡಿಸುತ್ತಿದ್ದರು.

ಒಂದು ಸಂಜೆ ಇದ್ದಿಲಿನ ಒಲೆಯೊಂದನ್ನು ಹೊತ್ತುಕೊಂಡು ಬಂದರು. ಚಳಿಗಾಲದಲ್ಲಿ ಕುವೈತಿಗಳು ಮರುಭೂಮಿಯಲ್ಲಿ ಡೇರೆ ಹಾಕಿದಾಗ ಸುತ್ತ ಕೂತು ಮೈ ಕಾಯಿಸುವಂಥದ್ದು. ಅಕ್ಕ ಒಲೆಯನ್ನು ನೋಡಿದರು. ಒಳಗೆ ಹೋಗಿ ಒಂದು ಬಕೆಟ್ ನೀರು ತಂದು ಇನ್ನೂ ಹಚ್ಚದ ಆ ಇದ್ದಿಲಿನ ಮೇಲೆ ಸುರಿದರು. "ಮುಚ್ಚಿದ ಜಾಗದಲ್ಲಿ ಇದ್ದಿಲು ಹಚ್ಚಿ ಜೀವ ಕಳಕೊಂಡವರ ಸುದ್ದಿ ಪ್ರತಿ ಚಳಿಗಾಲ ಕೇಳ್ತೇವೆ. ನಿಮಗೆ ಬೆಚ್ಚಗಾಗಬೇಕಾ, ಸಾಯಬೇಕಾ? ಒಂದು ಹೇಳಿ." ಭಾವನವರು ಮರುದಿನವೇ ಒಳಗೆ ಎಣ್ಣೆ ತುಂಬಿದ ಕರೆಂಟಿನ ಹೀಟರ್ ತಂದರು. ಡಿಸೆಂಬರಿನಲ್ಲಿ ಉದ್ಘಾಟನೆ ಎಂದು ಕಟ್ಟಡದವರಿಗೆಲ್ಲ ಹೇಳಿಕೊಂಡು ಬಂದರು.

ಉದ್ಘಾಟನೆ ಆಗಲಿಲ್ಲ. ನವೆಂಬರಿನ ಕೊನೆಯಲ್ಲಿ ನನ್ನ ಗಂಡ ಕೆಲಸದ ಜಾಗದಲ್ಲೇ ಕುಸಿದುಬಿದ್ದರು.

ಅವರು ಒಂದು ಹೋಟೆಲಿನ ಸ್ಟೋರು ನೋಡಿಕೊಳ್ಳುತ್ತಿದ್ದರು. ಅಕ್ಕಿ ಮೂಟೆ ಎಣಿಸುತ್ತಿದ್ದವರ ಕೈಯಿಂದ ಪೆನ್ನು ಜಾರಿತಂತೆ, ಆಮೇಲೆ ಅವರೇ ಜಾರಿದರಂತೆ. ಪಾರ್ಶ್ವವಾಯು. ಬಲಗೈ, ಬಲಗಾಲು ಅವರ ಮಾತು ಕೇಳಲಿಲ್ಲ. ಮಾತೇ ಬರಲಿಲ್ಲ. "ನೀವು ಹೇಳುವುದೆಲ್ಲ ಅವರಿಗೆ ಗೊತ್ತಾಗುತ್ತದೆ. ಶಬ್ದಗಳು ಬಾಯಿಗೆ ಬರುವ ದಾರಿ ಮುಚ್ಚಿದೆ, ಅಷ್ಟೇ," ಎಂದು ಡಾಕ್ಟರು ಹೇಳಿದರು. ಅಷ್ಟೇ! ನನ್ನನ್ನು ನೋಡುತ್ತ ಅವರು ತುಟಿ ಅಲ್ಲಾಡಿಸುತ್ತಿದ್ದರು, ಗಂಟಲಿನಿಂದ ಒಂದು ಸ್ವರ ಮಾತ್ರ ಹೊರಡುತ್ತಿತ್ತು. ನನಗೆ ಆಫೀಸು, ಮಗಳಿಗೆ ಪರೀಕ್ಷೆ. ಹೋಟೆಲಿನವರು ಒಳ್ಳೆಯವರೇ, ರಜೆ ಕೊಟ್ಟರು. ಆದರೆ ಆ ರಜೆ ಮುಗಿಯುವುದರೊಳಗೆ ಇವರು ಎದ್ದು ನಿಲ್ಲದಿದ್ದರೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ರದ್ದಾಗಿ ಊರಿಗೆ ಹೋಗುವುದೇ ಗತಿ. ಮಗಳ ಓದನ್ನು ನಡುವಿನಲ್ಲಿ ಕಿತ್ತು, ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಕೊಂಡು.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಫಿಸಿಯೋಥೆರಪಿ ಮಾಡಿಸುವ ಹುಡುಗಿ ಹೇಳಿದಳು. "ಇಲ್ಲಿಗೆ ಬಂದು ಹೋಗುವ ದಿನ ಮಾತ್ರ ಮಾಡಿದರೆ ಸಾಲದು. ಮನೆಯಲ್ಲಿ ದಿನಾ ನಡೆಸಬೇಕು. ನೆಟ್ಟಗೆ ಉದ್ದ ಜಾಗ ಬೇಕು. ತಣ್ಣಗಿದ್ದರೆ ಕೈಕಾಲು ಸೆಟೆದುಕೊಳ್ಳುತ್ತದೆ, ಬೆಚ್ಚಗಿರಬೇಕು." ನನಗೆ ನಮ್ಮ ಮೂರನೇ ಮಹಡಿಯ ಫ್ಲ್ಯಾಟು ಕಣ್ಣ ಮುಂದೆ ಬಂತು. ಅಲ್ಲಿ ಸೋಫಾದಿಂದ ಎದ್ದರೆ ಊಟದ ಮೇಜು, ಮೇಜಿನಿಂದ ತಿರುಗಿದರೆ ಫ್ರಿಜ್ಜು. ಹೊರಗೆ ಆ ಕೊರೆಯುವ ಗಾಳಿ. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಮಂಕಿ ಕ್ಯಾಪಿನೊಳಗಿನಿಂದ ಒಂದು ದನಿ ಬಂತು.

"ಸಿಸ್ಟರ್, ಉದ್ದ ಎಷ್ಟು ಬೇಕು?"

ಆ ದಿನದಿಂದ ಭಾವನವರು ಆ ಹುಡುಗಿಯ ಬೆನ್ನು ಬಿಡಲಿಲ್ಲ. ಶೋರೂಮಿನ ಅಳತೆ ಟೇಪು ಹಿಡಿದು ಆಸ್ಪತ್ರೆಯ ವ್ಯಾಯಾಮದ ಹಾಲಿಗೆ ಹೋಗಿ ಕಂಬಿಯ ಎತ್ತರ, ಕಂಬಿ ಕಂಬಿಯ ನಡುವಿನ ಅಂತರ, ನೆಲದ ಬಗೆ, ಕನ್ನಡಿ ಎಲ್ಲಿರಬೇಕು ಎಲ್ಲವನ್ನೂ ಕೇಳಿದರು. ಇದನ್ನೆಲ್ಲ ನೋಡಿ ಅನುಮಾನ ಬಂದು ಅಲ್ಲಿನವರು ನನ್ನನ್ನು ಬದಿಗೆ ಕರೆದು, "ಇವರು ಎಲ್ಲಾದರೂ ಸ್ವಂತ ಕ್ಲಿನಿಕ್ ತೆರೆಯುತ್ತಿದ್ದಾರಾ?" ಎಂದು ಕೇಳಿದರು.

ಮನೆಗೆ ಬಂದವರೇ ಸರ್ದಾಬಿಗೆ ಇಳಿದರು. ಆ ಫಳಫಳ ಹೊಳೆಯುವ ನೆಲದ ನಡುವೆ ನಿಂತು ಒಂದು ಗಳಿಗೆ ನೋಡಿದರು. ಕಾಲು ಎಳೆಯುವ ಮನುಷ್ಯ ಅದರ ಮೇಲೆ ಹೆಜ್ಜೆಯಿಟ್ಟರೆ ಏನಾದೀತು ಎನ್ನುವುದನ್ನು ಯಾರೂ ಅವರಿಗೆ ಹೇಳಬೇಕಾಗಿರಲಿಲ್ಲ. ಸುತ್ತಿಗೆ ತಂದರು. ಡಾಲ್ಫಿನ್, ಕಮಲ, ಇಟಲಿಯ ದ್ರಾಕ್ಷಿ ಎಲ್ಲ ಆ ಒಂದೇ ಶುಕ್ರವಾರ ಚೂರಾದವು. ಶಬ್ದಕ್ಕೆ ಓಡಿಬಂದ ಹಾರಿಸ್, "ಭಾಯಿ, ಚೆನ್ನಾಗಿತ್ತಲ್ಲ! ಯಾಕೆ?" ಎಂದು ಕೂಗಿದ. "ಬಾತ್‌ರೂಮ್ ತರ ಕಾಣ್ತಿತ್ತು ಮಾರಾಯ," ಎಂದರು ಭಾವನವರು, ಕೈ ನಿಲ್ಲಿಸದೆ. ನೆಲಕ್ಕೆ ಮೊದಲು ತಂಡಿ ತಡೆಯುವ ಹಾಸು, ಅದರ ಮೇಲೆ ಪ್ಲೈವುಡ್ಡು, ಅದರ ಮೇಲೆ ಜಿಮ್ಮುಗಳಲ್ಲಿ ಹಾಕುವ ದಪ್ಪ ರಬ್ಬರು. ಕಾಲಿಟ್ಟರೆ ಜಾರುವುದಿಲ್ಲ, ಬಿದ್ದರೂ ಪೆಟ್ಟಾಗುವುದಿಲ್ಲ.

ಕಂಬಿಗೆ ಮಾತ್ರ ಅವರೊಳಗಿನ ಅಂಗಡಿಯವರು ಎದ್ದು ಕುಳಿತರು. ಟವೆಲ್ ಹಾಕುವ ಸ್ಟೀಲ್ ರಾಡುಗಳನ್ನೇ ಸಾಲಾಗಿ ತಂದು ಗೋಡೆಗೆ ಜೋಡಿಸಿದರು. "ಜರ್ಮನ್ ಮಾಲು! ಆನೆ ಹಿಡಿದುಕೊಂಡರೂ ಅಲ್ಲಾಡುವುದಿಲ್ಲ." ಆನೆ ಸಿಗದ ಕಾರಣ ತಾವೇ ಜೋತುಬಿದ್ದು ತೋರಿಸಿದರು. ಜರ್ಮನ್ ಮಾಲು ಗಟ್ಟಿಯಾಗಿಯೇ ಇತ್ತು. ಅವರ ಕೈಯಲ್ಲೇ ಉಳಿಯಿತು. ಗೋಡೆಯಿಂದ ಬಿಟ್ಟುಬಂದದ್ದು ಸ್ಕ್ರೂಗಳು! ಭಾವನವರು ರಬ್ಬರಿನ ಮೇಲೆ ಅಂಗಾತ ಬಿದ್ದುಕೊಂಡೇ ಘೋಷಿಸಿದರು. "ನೆಲ ಪಾಸ್!" ಆಮೇಲೆ ಅಂಗವಿಕಲರಿಗೆಂದೇ ಮಾಡುವ ದಪ್ಪ ಹಿಡಿಕಂಬಿ ತರಿಸಿ, ಕಾಂಕ್ರೀಟಿನೊಳಗೆ ಬೋಲ್ಟು ಇಳಿಸಿ ಕೂರಿಸಿದರು. ಹಾರಿಸ್, ಕೇರಳದವರು, ಇಂಜಿನಿಯರು ಒಬ್ಬೊಬ್ಬರಾಗಿ ಬಂದು ಜೋತುಬಿದ್ದು ಹೋದರು. ಸರ್ದಾಬಿನ ಉದ್ಘಾಟನೆ ಆದದ್ದು ಹಾಗೆ.

ಇನ್ನು ಮೂರನೇ ಮಹಡಿಯಿಂದ ದಿನಾ ಇಳಿಸುವುದು ಹೇಗೆ? ನಮ್ಮ ಕಟ್ಟಡದ ಲಿಫ್ಟಿಗೆ ಅದರದ್ದೇ ಮನಸ್ಸಿದೆ, ಬೇಕಾದ ದಿನ ಓಡುತ್ತದೆ. ನಾನು ಇದನ್ನು ಯೋಚಿಸುವ ಮೊದಲೇ ಅಕ್ಕ ಒಂದು ಬೆಳಗ್ಗೆ ಪಾತ್ರೆಗಳನ್ನು ಬುಟ್ಟಿಗೆ ತುಂಬಿಕೊಂಡು ನಮ್ಮ ಬಾಗಿಲಿಗೆ ಬಂದರು. "ನೀವು ಕೆಳಗೆ ಹೋಗಿ. ನಾವು ಇಲ್ಲಿಗೆ ಬರ್ತೇವೆ."

"ಅಕ್ಕಾ, ನಿಮ್ಮ ಮೊಣಕಾಲು..."

"ಮದುವೆಯಾದಾಗಿನಿಂದ ಇವರ ಜೊತೆ ಕೆಳಗೇ ಬಿದ್ದುಕೊಂಡಿದ್ದೇನೆ. ನಿನ್ನ ದೆಸೆಯಿಂದ ಈಗ ಒಂದು ಪ್ರಮೋಶನ್ ಸಿಕ್ತಾ ಉಂಟು. ತಪ್ಪಿಸಬೇಡ ಮಾರಾಯ್ತಿ. ಯಲ್ಲಾ, ನಡಿ ನಡಿ, ಆ ಬುಟ್ಟಿ ಹಿಡಿ."

ಮೊಣಕಾಲು ನೋವಿನ ಆ ಹೆಂಗಸು, ಲಿಫ್ಟು ಮುನಿಸಿಕೊಂಡ ದಿನಗಳಲ್ಲಿ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುವುದನ್ನು ನಾನು ನೋಡಿದ್ದೇನೆ. ಅರ್ಧದಲ್ಲಿ ನಿಂತು ಉಸಿರು ಬಿಡುವಾಗ ನಾನು ಕಂಡರೆ, "ಮೇಲಿನಿಂದ ವ್ಯೂ ಎಷ್ಟು ಚಂದ ಉಂಟು ಗೊತ್ತಾ?" ಎನ್ನುತ್ತಿದ್ದರು. ವ್ಯೂ ಏನು ಗೊತ್ತಾ? ಎದುರು ಕಟ್ಟಡದ ನೀರಿನ ಟ್ಯಾಂಕು!

ಜನವರಿ ಬಂತು. ಹೊರಗೆ ಗಾಳಿ, ಒಳಗೆ ಸರ್ದಾಬಿನ ಹಿತವಾದ ಕಾವು. ದಿನಾ ಸಂಜೆ ಭಾವನವರು ಮಿರ್ಕಾಬ್‌ನಿಂದ ನೇರ ಬಂದು, ತಮ್ಮನನ್ನು ಗಾಲಿಕುರ್ಚಿಯಲ್ಲಿ ಹಿಂಬದಿಯ ಇಳಿಜಾರಿನಿಂದ ಇಳಿಸುತ್ತಿದ್ದರು. ಮೊದಮೊದಲು ನನ್ನ ಗಂಡ ಎರಡೂ ಕಣ್ಣು ಮುಚ್ಚಿಕೊಂಡು ಕಂಬಿ ಹಿಡಿದು ನಿಲ್ಲುವುದಷ್ಟೇ. ಎಡಗೈ ಬಿಗಿಯಾಗಿ, ಬಲಗೈ ಭಾವನವರ ಅಂಗೈಯೊಳಗೆ. ಆಮೇಲೆ ಒಂದು ಹೆಜ್ಜೆ. ಆಮೇಲೆ ಬಲಗಾಲನ್ನು ಎಳೆದು ಇನ್ನೊಂದು. ಕೆಲವು ದಿನ ನೋವಿಗೆ, ಸಿಟ್ಟಿಗೆ ಕಂಬಿಗೆ ಗುದ್ದುತ್ತಿದ್ದರು. "ಗುದ್ದು, ಗುದ್ದು! ಅಂತೂ ಬಲಗೈ ಎದ್ದಿತಲ್ಲ!" ಎನ್ನುತ್ತಿದ್ದರು ಭಾವನವರು. ನೋಡಿದರೆ ಹೌದು, ಗುದ್ದಿದ್ದು ಬಲಗೈ!

ಆ ಹೊತ್ತಿನಲ್ಲೆಲ್ಲ ಭಾವನವರ ಬಾಯಿಗೆ ಬಿಡುವಿರಲಿಲ್ಲ. ಎದುರು ಹಿಮ್ಮುಖವಾಗಿ ನಡೆಯುತ್ತ, ತಮ್ಮನಿಗೆ ಎರಡೂ ತೋಳು ಚಾಚಿಕೊಂಡು, ಮಾತು, ಮಾತು, ಮಾತು! ಗೋಡೆಗೆ ಹಾಕಿದ ಲೇಪದ ಗುಣ, ಶೋರೂಮಿಗೆ ಬಂದ ಗಿರಾಕಿಯ ಜಗಳ, ಚಿಕ್ಕಂದಿನಲ್ಲಿ ಇಬ್ಬರೂ ಶಾಲೆ ತಪ್ಪಿಸಿ ಹೊಳೆಯಲ್ಲಿ ಮೀನು ಹಿಡಿದದ್ದು, ಇಂದು ಮಧ್ಯಾಹ್ನ ತಿಂದ ಸಾಂಬಾರಿನ ದೋಷ. ಅಕ್ಕ ಚಹಾ ತಂದಾಗೊಮ್ಮೆ ನನ್ನ ಗಂಡನಿಗೆ ಹೇಳಿದರು. "ನೋಡು, ಇಷ್ಟು ವರ್ಷ ಇದೆಲ್ಲ ನಾನು ಕೇಳುತ್ತಿದ್ದೆ. ಈಗ ನಿನ್ನ ಪಾಲು." ನನ್ನವರ ಬಾಯಿಯ ಒಂದು ಕೊನೆ ಮೇಲೇರಿತು. ಕಾಯಿಲೆ ಬಿದ್ದ ಮೇಲೆ ನಾನು ಕಂಡ ಅವರ ಮೊದಲ ನಗು ಅದು.

ರಜೆ ಮುಗಿಯುವ ಮೊದಲು ಅವರು ಕೋಲೂರಿ ನಡೆದರು. ಹೋಟೆಲಿನವರು ಕುಳಿತು ಮಾಡುವ ಕೆಲಸ ಕೊಟ್ಟರು. ಈಗಲೂ ಅಲ್ಲಿಗೇ ಹೋಗುತ್ತಾರೆ. ಮಗಳು ಇಲ್ಲಿಯೇ ಓದುತ್ತಿದ್ದಾಳೆ. ನಾವು ಪೆಟ್ಟಿಗೆ ಕಟ್ಟಲಿಲ್ಲ. ಎರಡನೇ ಮಹಡಿಯ ಕೇರಳದ ಅಜ್ಜಿ ಬಚ್ಚಲಿನಲ್ಲಿ ಬಿದ್ದು ಸೊಂಟ ಮುರಿದುಕೊಂಡವರು ಈಗ ಅದೇ ಕಂಬಿ ಹಿಡಿದು ನಡೆಯುತ್ತಾರೆ, ಹಾರಿಸ್‌ನ ಭುಜದ ನೋವಿಗೂ ಅಲ್ಲೇ ವ್ಯಾಯಾಮ. ಮಾಲೀಕರು ಒಮ್ಮೆ ಇಳಿದು ಬಂದು, ಜಪಮಣಿ ಎಣಿಸುವುದು ನಿಲ್ಲಿಸಿ, ಆ ಉದ್ದನೆಯ ಬೆಚ್ಚನೆಯ ಹಾಲನ್ನು ಬಹಳ ಹೊತ್ತು ನೋಡಿದರು. ಭಾವನವರ ಹೆಗಲ ಮೇಲೆ ಕೈಯಿಟ್ಟು ಏನೋ ಹಾರೈಸಿ ಹೋದರು. ಈ ಸಲ ಹಾರಿಸ್‌ನನ್ನು ಏನೂ ಕೇಳಲಿಲ್ಲ.

ಆದರೆ ಮಾತು? ನಡಿಗೆ ಬಂದ ಮೇಲೂ ಅದು ಬಂದಿರಲಿಲ್ಲ. ಹೂಂ, ಊಹೂಂ, ಆ ಎನ್ನುವ ಸ್ವರಗಳಷ್ಟೇ. ಮಾತಿನ ಅಭ್ಯಾಸ ಮಾಡಿಸುವವರು ಚಿತ್ರ ತೋರಿಸಿ ಹೆಸರು ಹೇಳಿಸಲು ನೋಡುತ್ತಿದ್ದರು. ಇವರ ಹಣೆಯಲ್ಲಿ ಬೆವರು ಬರುತ್ತಿತ್ತು, ಹೆಸರು ಬರುತ್ತಿರಲಿಲ್ಲ. ಮದುವೆಯಾದಾಗಿನಿಂದ ನನ್ನನ್ನು ಹೆಸರು ಹಿಡಿದು ಕರೆದವರಲ್ಲ, "ಓಯ್" ಎನ್ನುತ್ತಿದ್ದರು. ಆ "ಓಯ್" ಒಂದು ಸಲ ಕೇಳಿದರೆ ಸಾಕು ಎನಿಸುತ್ತಿತ್ತು ನನಗೆ.

ಅದೇ ಚಳಿಗಾಲ, ಫೆಬ್ರವರಿಯ ಒಂದು ಶುಕ್ರವಾರ. ಬೆಳಗಿನ ತಿಂಡಿ ಮುಗಿಸಿ ಎಲ್ಲರೂ ಕೆಳಗಿದ್ದೆವು. ಅಂದು ಮೊದಲ ಸಲ ಕೋಲೂ ಇಲ್ಲದೆ, ಕಂಬಿಯನ್ನೂ ಹಿಡಿಯದೆ ಆ ತುದಿಯಿಂದ ಈ ತುದಿಗೆ ಬರುವುದು ಎಂದು ತೀರ್ಮಾನವಾಗಿತ್ತು. ಭಾವನವರು ಎದುರು ಹಿಮ್ಮುಖವಾಗಿ ನಡೆಯುತ್ತಿದ್ದರು. ಗಾಬರಿಯಾದಾಗ ಅವರ ಮಾತು ಇನ್ನೂ ಜಾಸ್ತಿ. "ನಿಧಾನ, ಬಲಗಾಲು ಎತ್ತು, ಎತ್ತು, ಎಳೆಯಬೇಡ, ಕೆಳಗೆ ನೋಡಬೇಡ, ನನ್ನ ನೋಡು, ಅಲ್ಲ, ನನ್ನನ್ನೂ ನೋಡಬೇಡ, ಎದುರು ನೋಡು, ನಿಧಾನ, ಉಸಿರು ಬಿಡು, ಬಿಡು ಮಾರಾಯ, ಹಿಡ್ಕೊಂಡೆ ಯಾಕೆ, ಬಲಗಾಲು, ಬಲಗಾಲು..."

ನನ್ನ ಗಂಡ ನಡುವಿನಲ್ಲಿ ನಿಂತುಬಿಟ್ಟರು. ಮುಖ ಕೆಂಪಾಯಿತು. ಕತ್ತಿನ ನರ ಉಬ್ಬಿತು. ನಾನು ಹೆದರಿ ಎದ್ದೆ. ಅವರ ತುಟಿಗಳು ಯಾವುದನ್ನೋ ಹಿಡಿಯಲು ಹೋಗಿ, ತಪ್ಪಿ, ಮತ್ತೆ ಹಿಡಿದವು.

"ಅಣ್ಣಾ... ಮನಿಪಂದೆ ಕುಲ್ಲು!"

ತುಳುವಿನಲ್ಲಿ, ಬಾಯಿ ಮುಚ್ಚಿ ಕುಳಿತುಕೋ ಎಂದು ಅರ್ಥ.

ನಾನು ಅಕ್ಕನ ಕೈ ಹಿಡಿದುಕೊಂಡೆ. ಅಕ್ಕ ನನ್ನ ಕೈ ಹಿಡಿದುಕೊಂಡರು. ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಭಾವನವರು ಚಾಚಿದ ತೋಳು ಚಾಚಿದಂತೆಯೇ ನಿಂತಿದ್ದರು. ಜೀವಮಾನದಲ್ಲಿ ಅವರಿಗೆ ಈ ಮಾತು ಹೇಳದವರಿಲ್ಲ. ಹೆಂಡತಿ ಹೇಳಿದ್ದಾರೆ, ಯಜಮಾನರು ಹೇಳಿದ್ದಾರೆ, ಗಿರಾಕಿಗಳು ಹೇಳಿದ್ದಾರೆ. ಒಂದು ದಿನವೂ ಕಿವಿಗೆ ಹಾಕಿಕೊಂಡವರಲ್ಲ. ಈಗ ತಮ್ಮನ ಹತ್ತಿರ ಒಂದು ಹೆಜ್ಜೆ ಬಂದರು. ನಾನು ಅವರಿಂದ ಅಲ್ಲಿಯವರೆಗೆ ಕೇಳದ ಒಂದು ಸಣ್ಣ ದನಿಯಲ್ಲಿ ಕೇಳಿದರು.

"ಇನ್ನೊಂದು ಸಲ ಹೇಳು ಮಾರಾಯ."

ನನ್ನ ಗಂಡ ಇನ್ನೊಂದು ಸಲ ಹೇಳಿದರು. ಈ ಬಾರಿ ಇನ್ನೂ ಸ್ಪಷ್ಟವಾಗಿ ಹೇಳಿದರು.

ಭಾವನವರು ಅಲ್ಲೇ ನೆಲದ ಮೇಲೆ ಕುಳಿತರು. ಬಾಯಿ ಮುಚ್ಚಿಕೊಂಡು, ಹೇಳಿದ ಹಾಗೆ, ಕುಳಿತೇ ಇದ್ದರು. ನನ್ನವರು ಒಬ್ಬರೇ ಉಳಿದ ಹೆಜ್ಜೆಗಳನ್ನು ನಡೆದು ಬಂದು, ಬಲಗೈಯನ್ನು ಕಷ್ಟಪಟ್ಟು ಎತ್ತಿ, ಅಣ್ಣನ ತಲೆಯ ಮೇಲಿಟ್ಟರು.